ಹದಿನೇಳನೆಯ ಸಂಚಿಕೆಯ ಮುಖಪುಟ

ರಿವರ್‌ಡೇಲ್, ನ್ಯೂಯಾರ್ಕ್
9 ಮಾರ್ಚ್ 1981

ಪ್ರಿಯ ಆಲ್ಡೊ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಹೈಮನ್ ಲುಬಾರನ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಲಿಲ್ಲವಲ್ಲ, ದೊಡ್ಡ ಉಪಕಾರ. ಆರು ವರ್ಷ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತವರು ನಾವು. ನಾನು ಪೆನ್ಸಿಲ್ಲಿನಲ್ಲಿ ಬರೆದ ಚಿತ್ರದ ಮೇಲೆ ನೀನು ಶಾಯಿ ಎಳೆಯುತ್ತಿದ್ದೆ. ನೀನು ಹೆಂಡತಿ ನೆಲ್‌ಳ ತವರೂರಿಗೆ ಹೋದ ಮೇಲೂ ಎರಡು ವರ್ಷ ನನ್ನ ಹಾಳೆಗಳು ಅಂಚೆಯಲ್ಲಿ ನಿನ್ನ ಹತ್ತಿರ ಬರುತ್ತಿದ್ದವು, ಅಲ್ಲಿಂದ ನೇರವಾಗಿ ಕಂಪನಿಗೆ ಹೋಗುತ್ತಿದ್ದವು. ಆಮೇಲೆ ಇಪ್ಪತ್ತೇಳು ವರ್ಷ ಒಂದು ಕ್ರಿಸ್ಮಸ್ ಕಾರ್ಡೂ ಇಲ್ಲ. ನಾನು ಯಹೂದಿ, ನಾನು ಕಳಿಸದಿದ್ದರೆ ತಪ್ಪಿಲ್ಲ. ನಿನಗೇನು ದಾಡಿಯಾಗಿತ್ತು?

ವಿಷಯಕ್ಕೆ ಬರುತ್ತೇನೆ. ಬಾಸ್ಟನ್ನಿನಲ್ಲಿ ಡ್ವೈಟ್ ಹ್ಯಾನ್ಲಿ ಎಂಬೊಬ್ಬ ಗ್ರಂಥಪಾಲಕನಿದ್ದಾನೆ. ನಾವು ಬರೆದು ಬಿಸಾಡಿದ ಕಾಮಿಕ್ಸುಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಕೂಡಿಡುತ್ತಿದ್ದಾನಂತೆ. ಈಗ ಅವುಗಳಲ್ಲಿ ಅತ್ಯುತ್ತಮವಾದ ನೂರು ಮುಖಪುಟಗಳನ್ನು ಆರಿಸಿ ದಪ್ಪ ಹಾಳೆಯಲ್ಲಿ, ಪೂರ್ತಿ ಬಣ್ಣದಲ್ಲಿ ಪುಸ್ತಕ ಮಾಡುತ್ತಿದ್ದಾನೆ. ಆರಿಸಲು ನಮ್ಮ ಕಾಲದ ಏಳು ಮಂದಿ ಮುದುಕರನ್ನು ಹಿಡಿದಿದ್ದಾನೆ. ನಾನು ಅವರ ಮುಖ್ಯಸ್ಥ. ಏಳರಲ್ಲಿ ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಉಳಿದವರು ಕೇಳಿಸಿದರೂ ಕೇಳಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಹೋಟೆಲೊಂದರಲ್ಲಿ ಸೇರಿದ್ದೆವು. ಲೂ ಕಾಸ್ಪರ್ ನಿನಗೆ ನೆನಪಿದ್ದಾನಲ್ಲ, ಬಾಯಿ ತುಂಬ ಪಾಸ್ಟ್ರಾಮಿ ಮಾಂಸ ತುಂಬಿಕೊಂಡು ಮೇಜು ಗುದ್ದಿದ. "ರಕ್ತ ಯಾರ್ ಬೇಕಾದ್ರೂ ಸುರೀತಾರೆ ಕಣ್ರೋ! ಒಂದು ಹನಿ ರಕ್ತ ಇಲ್ದೆ ಹೆದರಿಸ್ಬೇಕು, ಅದು ಮುಖಪುಟ ಅಂದ್ರೆ!"

"ನೀನು ಹುಟ್ಟಿದ್ ದಿನದಿಂದ ಬರೆದಿದ್ದೆಲ್ಲ ಬರೀ ರಕ್ತಾನೇ ಅಲ್ವೇನೋ?" ಎಂದ ಬರ್ನಿ ಶೋರ್.

"ಅದಕ್ಕೇ ಹೇಳ್ತಿರೋದು. ನಂದು ಒಂದೂ ಸೇರಿಸ್ಬೇಡಿ."

ಎಲ್ಲರೂ ನಮ್ಮ ನಮ್ಮ ಮೆಚ್ಚಿನ ಹತ್ತು ಮುಖಪುಟಗಳ ಪಟ್ಟಿ ಬರೆದು ಕೊಟ್ಟೆವು. ಏಳರಲ್ಲಿ ಐವರ ಪಟ್ಟಿಯ ತಲೆಯ ಮೇಲೆ ಇದ್ದದ್ದು ಒಂದೇ ಚಿತ್ರ. 'ತಣ್ಣನೆಯ ಕಥೆಗಳು', ಸಂಚಿಕೆ ಹದಿನೇಳು. ಹೆಪ್ಪುಗಟ್ಟಿದ ಕೊಳದ ಮೇಲೆ ಮಕ್ಕಳು ಕೈಕೈ ಹಿಡಿದು ಸ್ಕೇಟಿಂಗ್ ಮಾಡುತ್ತಿದ್ದಾರೆ, ಕೆಂಪು ಟೋಪಿ, ನಗುಮುಖ. ಅವರ ಕಾಲಡಿಯ ಮಂಜುಗಡ್ಡೆಯ ಕೆಳಗೆ ಒಬ್ಬ ಹೆಂಗಸು ಮಲಗಿದ್ದಾಳೆ, ಮೇಲಕ್ಕೆ ನೋಡುತ್ತಿದ್ದಾಳೆ. ನಮ್ಮದು, ಆಲ್ಡೊ! ಮೊದಲನೆಯ ಸ್ಥಾನ!

ಹೊರಗಿನ ಕೆಲವರಿಂದಲೂ ಪಟ್ಟಿ ತರಿಸಿಕೊಳ್ಳಲು ಹ್ಯಾನ್ಲಿ ಹೇಳಿದ್ದಾನೆ. ನಿನ್ನ ಹತ್ತನ್ನು ಕಳಿಸು. ಇದರ ಬಗ್ಗೆ ಏನನಿಸುತ್ತದೆ ಎಂದೂ ಬರೆ. ನೆಲ್‌ಗೆ ನನ್ನ ನಮಸ್ಕಾರ. ನಿನ್ನ ಆ ಪುಟ್ಟ ಮಗಳಿಗೂ. ಈಗ ಎಷ್ಟು ದೊಡ್ಡವಳಾಗಿದ್ದಾಳೋ.

ನಿನ್ನ
ಹೈಮನ್

&nbsp;

ಕೋಲ್ಟನ್ ಮಿಲ್ಸ್
30 ಮಾರ್ಚ್ 1981

ಹೈಮನ್,

ನೆಲ್ ತೀರಿಕೊಂಡು ಮೂರು ವರ್ಷವಾಯಿತು. ರೋಸಾಲಿಗೆ ಮೂವತ್ತಾರು. ನಿನ್ನ ನಮಸ್ಕಾರ ಯಾರಿಗೂ ತಲುಪಿಸುವುದಕ್ಕಾಗಲಿಲ್ಲ.

ನನ್ನ ಮನೆಯಲ್ಲಿ ಒಂದು ಕಾಮಿಕ್ಸೂ ಇಲ್ಲ. ಆದ್ದರಿಂದ ನೆನಪಿನಿಂದಲೇ ಹೇಳಬೇಕು. ಹತ್ತು ಸಿಗುವುದಿಲ್ಲ, ಮೂರು ಸಿಗುತ್ತವೆ. ನಾನೀಗ ಅಂಗಡಿಗಳ ಬೋರ್ಡು ಬರೆಯುವವನು, ಅಗ್ನಿಶಾಮಕದವರ ಗಾಡಿಗೆ ಚಿನ್ನದ ಬಣ್ಣದ ನಂಬರು ಹಾಕುವವನು. ಬೋರ್ಡು ಬರೆಯುವುದಕ್ಕೂ ಮುಖಪುಟಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಡೆದುಹೋಗುವವನು ಈಚೆ ಬರಬೇಕು, ಅಷ್ಟೆ. ಅಂಗಡಿಯ ಸ್ಟ್ಯಾಂಡಿನಲ್ಲಿ ಕಾಮಿಕ್ಸುಗಳನ್ನು ಒಂದರ ಮೇಲೊಂದು ಒರಗಿಸಿಡುತ್ತಿದ್ದರು, ಕಾಣುತ್ತಿದ್ದದ್ದು ಮೇಲಿನ ನಾಲ್ಕು ಬೆರಳಗಲ ಮಾತ್ರ. ಅಷ್ಟರಲ್ಲೇ ಹಿಡಿಯಬೇಕು. ಒಳಗಿನ ಕಥೆಯನ್ನು ಆಗಿನ್ನೂ ಯಾರೂ ಬರೆದಿರುತ್ತಿರಲಿಲ್ಲ. ಮುಖಪುಟ ಮೊದಲು, ಅದಕ್ಕೆ ಒಪ್ಪುವ ಕಥೆ ಆಮೇಲೆ.

ನನ್ನ ಮೂರು ಇವು. ಬರ್ನಿ ಶೋರ್ ಬರೆದ ಸೈನಿಕ: ಕಂದಕದಲ್ಲಿ ಕೂತು ಷೂ ಲೇಸು ಕಟ್ಟಿಕೊಳ್ಳುತ್ತಿದ್ದಾನೆ, ಹಿಂದೆ ಇಡೀ ಆಕಾಶ ಹಳದಿ. ಯುದ್ಧದ ಕಾಮಿಕ್ಸಿನಲ್ಲಿ ಬಂದೂಕೇ ಇಲ್ಲದ ಮುಖಪುಟ ಅದೊಂದೇ. ಎರಡನೆಯದು ಹ್ಯಾಂಕ್ ಡೆಲಾನಿಯ ಕುದುರೆ, ಸವಾರನಿಲ್ಲದೆ ಊರಿಗೆ ವಾಪಸಾದದ್ದು. ಆ ಕುದುರೆಯ ಕಾಲಿಗೆ ಶಾಯಿ ಹಾಕಿದವನು ನಾನೇ, ನಾಲ್ಕು ದಿನ ತಗೊಂಡಿದ್ದೆ. ಮೂರನೆಯದು ಮಕ್ಕಳ ಪುಸ್ತಕದ್ದು, ಯಾರು ಬರೆದದ್ದೋ ಗೊತ್ತಿಲ್ಲ. ಮೊಲವೊಂದು ತನ್ನ ನೆರಳಿಗೇ ಟೋಪಿ ತೆಗೆದು ನಮಸ್ಕಾರ ಮಾಡುತ್ತಿತ್ತು. ನೋಡಿದಾಗಲೆಲ್ಲ ನಗು ಬರುತ್ತಿತ್ತು.

ನೀನು ಹೇಳುವ ಚಿತ್ರ ಪಟ್ಟಿಯಲ್ಲಿ ಬೇಡ. ಮೊದಲ ಸ್ಥಾನವೂ ಬೇಡ, ನೂರನೆಯ ಸ್ಥಾನವೂ ಬೇಡ. ಐವತ್ತನಾಲ್ಕರ ಏಪ್ರಿಲ್‌ನಲ್ಲಿ, ಕಾಮಿಕ್ಸು ಮಕ್ಕಳನ್ನು ಹಾಳು ಮಾಡುತ್ತವೆ ಎಂದು ದೇಶವೆಲ್ಲ ಬೊಬ್ಬೆ ಹೊಡೆಯುತ್ತಿದ್ದಾಗ, ಒಬ್ಬ ಪತ್ರಿಕೆಯವನು ಆ ಚಿತ್ರ ಹಿಡಿದುಕೊಂಡು ನಿನ್ನ ಹತ್ತಿರ ಬಂದಿದ್ದ. "ಬರೆದವನು ನಾನಲ್ಲ, ಆಲ್ಡೊ ಪೆಟ್ರೆಲಾ" ಎಂದು ಹೇಳಿದವನು ನೀನು. ಪತ್ರಿಕೆಯಲ್ಲಿ ಹಾಗೆಯೇ ಬಂತು. ಈಗ ಬಾಯಿ ತುಂಬ "ನಮ್ಮದು" ಎನ್ನುತ್ತೀಯಲ್ಲ.

ನಿಮ್ಮ ಹ್ಯಾನ್ಲಿ ಅದನ್ನು ಹಾಕಿಯೇ ಹಾಕುತ್ತಾನೆ ಎಂದಾದರೆ ಅದರ ಕೆಳಗೆ ಯಾರ ಹೆಸರು ಬರುತ್ತದೆ? ಅದೊಂದನ್ನು ತಿಳಿಸು.

ಆಲ್ಡೊ

&nbsp;

ರಿವರ್‌ಡೇಲ್
6 ಏಪ್ರಿಲ್ 1981

ಪ್ರಿಯ ಆಲ್ಡೊ,

ನೆಲ್ ವಿಷಯ ಓದಿ ಸಂಕಟವಾಯಿತು. ಅವಳು ಮಾಡುತ್ತಿದ್ದ ಸೇಬಿನ ಕೇಕು ಈಗಲೂ ನಾಲಿಗೆಯ ಮೇಲಿದೆ.

ನೇರವಾಗಿ ಕೇಳಿದ್ದೀಯ, ನೇರವಾಗಿ ಹೇಳುತ್ತೇನೆ. ಕೆಳಗೆ ಬರುವುದು ನಿನ್ನ ಹೆಸರು. ಆ ಕಾಲದಲ್ಲಿ ಮುಖಪುಟಕ್ಕೆ ಯಾರೂ ಸಹಿ ಹಾಕುತ್ತಿರಲಿಲ್ಲ, ಕಂಪನಿಯ ಕಾಗದಪತ್ರವೆಲ್ಲ ಎಂದೋ ಕಸಕ್ಕೆ ಹೋಯಿತು. ಹ್ಯಾನ್ಲಿಯ ಹತ್ತಿರ ಇರುವ ಒಂದೇ ಪುರಾವೆ ಆ ಪತ್ರಿಕೆಯ ತುಂಡು. "ನಾನೇ ಬರೆದದ್ದು" ಎಂದು ನಾನು ಹೇಳಿದೆ. ಅವನು ಕನ್ನಡಕ ಸರಿಮಾಡಿಕೊಂಡು, "ಮಿಸ್ಟರ್ ಲುಬಾರ್, ಬರೆದಿಲ್ಲ ಅಂತ ನೀವೇ ಅವತ್ತು ಹೇಳಿದೀರಲ್ಲ" ಎಂದ. ಎಲ್ಲರೆದುರಿಗೆ. ಲೂ ಕಾಸ್ಪರ್ ಸೂಪಿನ ಬಟ್ಟಲಲ್ಲಿ ಮುಖ ಮುಚ್ಚಿಕೊಂಡ.

ಹ್ಯಾನ್ಲಿಯ ನಿಯಮ ಹೀಗೆ: ಒಂದು ಚಿತ್ರಕ್ಕೆ ಒಂದೇ ಹೆಸರು. ಅದನ್ನು ಬದಲಿಸಬೇಕಾದರೆ ಪುರಾವೆಯಲ್ಲಿ ಯಾರ ಹೆಸರಿದೆಯೋ ಅವನೇ ಸಹಿ ಮಾಡಿ ಬರೆದುಕೊಡಬೇಕು. ಒಂದು ಹಾಳೆ ಟೈಪ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. "ಈ ಚಿತ್ರ ಬರೆದವನು ಹೈಮನ್ ಲುಬಾರ್, ಅವನ ಗೆರೆಗಳ ಮೇಲೆ ನಾನು ಶಾಯಿ ಎಳೆದೆ ಅಷ್ಟೆ" ಎಂದಿದೆ. ಸಹಿ ಮಾಡು, ಆಲ್ಡೊ. ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿ.

ನನಗೆ ಸಕ್ಕರೆ ಕಾಯಿಲೆ. ಎಡಗಣ್ಣು ಹೋಗಿದೆ, ಬಲಗಣ್ಣು ಇನ್ನೊಂದೆರಡು ವರ್ಷವಂತೆ. ಇಪ್ಪತ್ತೈದು ವರ್ಷ ಸಾಬೂನಿನ ಜಾಹೀರಾತು ಬರೆದೆ. ಸ್ನಾನದ ತೊಟ್ಟಿಯಲ್ಲಿ ನಗುವ ಹೆಂಗಸರು, ನೂರಾರು ಹೆಂಗಸರು. ಅದರಲ್ಲಿ ಒಬ್ಬಳ ಮುಖವೂ ನನಗೆ ನೆನಪಿಲ್ಲ. ಆ ಮಂಜಿನ ಕೆಳಗಿನವಳೊಬ್ಬಳು ನೆನಪಿದ್ದಾಳೆ. ಇಡೀ ಜೀವಮಾನದಲ್ಲಿ ನಾನು ಬರೆದ ಒಂದು ಒಳ್ಳೆಯ ಚಿತ್ರದ ಕೆಳಗೆ ನನ್ನ ಹೆಸರನ್ನು ನನ್ನ ಕಣ್ಣಿನಿಂದಲೇ ಓದಬೇಕು. ಕಣ್ಣು ಇರುವಾಗಲೇ.

ಐವತ್ತನಾಲ್ಕರಲ್ಲಿ ನಾನು ಮಾಡಿದ್ದು ಹೇಡಿತನ, ಒಪ್ಪಿದೆ. ನನ್ನ ಹೆಂಡತಿ ಸ್ಯಾಲಿ ಏಳು ತಿಂಗಳ ಬಸುರಿ, ಅವಳಪ್ಪ ರಬ್ಬಿ, ನಮ್ಮ ಯಹೂದಿಗಳ ಧರ್ಮಗುರು. ಮನೆಯ ಬಾಗಿಲಿಗೆ ಪತ್ರಿಕೆಯವನು ಬಂದು ನಿಂತಾಗ ಬಾಯಿಗೆ ಬಂದದ್ದು ನಿನ್ನ ಹೆಸರು. ನೀನು ದೂರದಲ್ಲಿದ್ದೀಯ, ಆ ಹಳ್ಳಿಮೂಲೆಯಲ್ಲಿ ಯಾರು ಇದನ್ನೆಲ್ಲ ಓದುತ್ತಾರೆ ಎಂದುಕೊಂಡೆ. ಅಂದೇ ಫೋನು ಮಾಡಿ ಕಾಲು ಹಿಡಿದುಕೊಂಡೆನಲ್ಲ, ನೀನೂ "ಆಯ್ತು ಬಿಡು" ಎಂದೆಯಲ್ಲ. ಆ ವರ್ಷದ ಕೊನೆಗೆ ಕಂಪನಿಯೇ ಮುಚ್ಚಿಹೋಯಿತು. ನಿನಗೆ ಒಳ್ಳೆಯ ಗಾಳಿ, ಒಳ್ಳೆಯ ನೀರು, ಸ್ವಂತ ಕೆಲಸ ಸಿಕ್ಕಿತು. ನಿಜ ಹೇಳಬೇಕೆಂದರೆ ನಮ್ಮಿಬ್ಬರಲ್ಲಿ ಬಚಾವಾದವನು ನೀನೇ ಎಂದು ಎಷ್ಟೋ ಸಲ ಹೊಟ್ಟೆಯುರಿದಿದ್ದೇನೆ.

ನಿನ್ನ
ಹೈಮನ್

&nbsp;

ಕೋಲ್ಟನ್ ಮಿಲ್ಸ್
4 ಮೇ 1981

ಹೈಮನ್,

ಒಂದು ತಿಂಗಳು ನಿನ್ನ ಕಾಗದವನ್ನು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೆ. ಒಳ್ಳೆಯ ಗಾಳಿ, ಒಳ್ಳೆಯ ನೀರು ಎಂಬ ಮಾತು ಓದಿದಾಗಲೆಲ್ಲ ಉತ್ತರ ಬರೆಯಲು ಕೂರುತ್ತಿದ್ದೆ, ತಾರೀಖು ಹಾಕಿ ಎದ್ದುಬಿಡುತ್ತಿದ್ದೆ. ಈಗ ನೀರಿನ ವಿಷಯವನ್ನೇ ಹೇಳುತ್ತೇನೆ.

ಏಪ್ರಿಲ್ ಎಂದು ಅಚ್ಚಾದ ಸಂಚಿಕೆ ಜನವರಿಯಲ್ಲೇ ಅಂಗಡಿಗೆ ಬರುತ್ತಿತ್ತು ಎನ್ನುವುದು ನಿನಗೆ ಗೊತ್ತು. ಕಂಪನಿಯವರು ಎರಡು ಪ್ರತಿ ನನಗೂ ಕಳಿಸುತ್ತಿದ್ದರು. ನಾನು ಅದನ್ನು ಕಪಾಟಿನ ಮೇಲೆ ಇಟ್ಟಿದ್ದೆ. ರೋಸಾಲಿಗೆ ಆಗ ಒಂಬತ್ತು. ಕುರ್ಚಿ ಹಾಕಿಕೊಂಡು ಹತ್ತಿ ಒಂದನ್ನು ತೆಗೆದು ಪೆಗ್ಗಿಗೆ ತೋರಿಸಿದಳು. ಪೆಗ್ಗಿ ಎಂದರೆ ನಮ್ಮ ಎದುರುಮನೆಯ ಹುಡುಗಿ, ಬೆಳಗ್ಗೆ ಎದ್ದರೆ ಇಬ್ಬರೂ ಒಟ್ಟಿಗೇ. ಫೆಬ್ರವರಿ ಕೊನೆಯ ಶನಿವಾರ ಅದನ್ನು ಹಿಡಿದುಕೊಂಡು ಗಿರಣಿಯ ಹಿಂದಿನ ಕೊಳಕ್ಕೆ ಹೋದರು. ಸ್ಕೇಟಿಂಗಿಗಲ್ಲ. ಆ ಹೆಂಗಸನ್ನು ಹುಡುಕಲು.

ಮಂಜುಗಡ್ಡೆ ಅಷ್ಟು ಹೊತ್ತಿಗೆ ತೆಳ್ಳಗಾಗಿತ್ತು. ಪೆಗ್ಗಿ ಕೊಳದ ಮಧ್ಯಕ್ಕೆ ಹೋಗಿ ಬೋರಲು ಮಲಗಿದಳಂತೆ, ಮುಖದ ಎರಡೂ ಬದಿಗೆ ಕೈ ಮರೆಮಾಡಿಕೊಂಡು ಕೆಳಗೆ ಇಣುಕಿದಳಂತೆ. "ರೋಸಿ, ಬಾರೇ, ಅವ್ಳು ನಮ್ಮನ್ನೇ ನೋಡ್ತಿದಾಳೆ!" ಎಂದು ಕೂಗಿದಳಂತೆ. ರೋಸಾಲಿ ದಡದಲ್ಲಿ ನಿಂತಿದ್ದಳು. ಹೆದರಿಕೆಯಾಗಿ ಹೋಗಲಿಲ್ಲ. ಅದಕ್ಕೇ ಬದುಕಿದಳು.

ಪೆಗ್ಗಿಯನ್ನು ನೀರಿನಿಂದ ತೆಗೆದದ್ದು ಮರುದಿನ ಮಧ್ಯಾಹ್ನ. ಪುಸ್ತಕ ದಡದ ಮೇಲೇ ಬಿದ್ದಿತ್ತು. ಊರಿನವರು ಪುಸ್ತಕವನ್ನು ಬೈದರು, ಅಂಗಡಿಯವನನ್ನು ಬೈದರು. ಶಾಯಿ ಹಾಕುವ ನನ್ನನ್ನು ಯಾರೂ ಕೇಳಲಿಲ್ಲ. ನಾನು ಮಕ್ಕಳ ಮೊಲ ಬರೆಯುವವನು ಎಂದೇ ಇಲ್ಲಿಯವರು ತಿಳಿದುಕೊಂಡಿದ್ದರು. ಏಪ್ರಿಲ್‌ನಲ್ಲಿ ನಿನ್ನ ಮಾತು ಪತ್ರಿಕೆಯಲ್ಲಿ ಬಂತು. ಆ ಹಳ್ಳಿಮೂಲೆಯವರೂ ಪತ್ರಿಕೆ ಓದುತ್ತಾರೆ, ಹೈಮನ್.

ಶಾಲೆಯ ಅಂಗಳದಲ್ಲಿ ಕಾಮಿಕ್ಸುಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಮಕ್ಕಳ ಕೈಯಿಂದಲೇ ಹಾಕಿಸಿದರು, ಸಾಲಾಗಿ ನಿಲ್ಲಿಸಿ. ಮೊದಲು ಹಾಕಿದವಳು ರೋಸಾಲಿ. ಟೀಚರು ಅವಳ ಹೆಸರನ್ನೇ ಮೊದಲು ಕರೆದರಂತೆ. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ನನ್ನ ಮೇಜಿನ ಹತ್ತಿರ ನಿಂತಳು.

"ಅಪ್ಪಾ, ಆ ಹೆಂಗಸನ್ನ ಬರ್ದಿದ್ದು ನೀನಾ?"

ಅಷ್ಟರಲ್ಲಾಗಲೇ ಫೋನಿನಲ್ಲಿ ನಿನಗೆ "ಆಯ್ತು ಬಿಡು" ಎಂದಿದ್ದೆ. ಹೌದಮ್ಮಾ ಎಂದೆ.

ಅಂದಿನಿಂದ ನನ್ನ ಕೈಯಲ್ಲಿ ಕುಂಚ ಕಂಡರೆ ಎದ್ದುಹೋಗುತ್ತಿದ್ದಳು. ಹದಿನೆಂಟಕ್ಕೆ ಮನೆ ಬಿಟ್ಟಳು, ಕೊಳ ಹೆಪ್ಪುಗಟ್ಟದ ಊರು ಹುಡುಕಿಕೊಂಡು ಅರಿಜೋನಾಕ್ಕೆ ಹೋದಳು. ನೆಲ್‌ಳ ಮಣ್ಣಿಗೆ ಬಂದವಳು ಮೋಟೆಲಿನಲ್ಲಿ ಉಳಿದುಕೊಂಡಳು. ಪೆಗ್ಗಿಯ ತಾಯಿ ಇನ್ನೂ ಎದುರುಮನೆಯಲ್ಲೇ ಇದ್ದಾರೆ. ನಾನೂ ಬೇರೆ ಕಡೆ ಹೋಗಬಹುದಿತ್ತು. ಹೋದರೆ ಓಡಿಹೋದ ಎನ್ನುತ್ತಾರೆ ಎಂದು ಹೋಗಲಿಲ್ಲ.

ನಿನ್ನ ಹಾಳೆಗೆ ಸಹಿ ಮಾಡಿ ಹ್ಯಾನ್ಲಿಗೆ ನೇರವಾಗಿ ಕಳಿಸಿದ್ದೇನೆ. ಬರೆದವನು ನೀನು, ನಿನ್ನ ಗೆರೆಗಳ ಮೇಲೆ ನಾನು ಶಾಯಿ ಎಳೆದೆ, ಅಷ್ಟೆ. ನಿನ್ನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದುಕೊಳ್ಳಬೇಡ. ಆ ಹೆಸರು ಅಲ್ಲಿಂದ ಹೋಗಲಿ.

ಆಲ್ಡೊ

&nbsp;

ರಿವರ್‌ಡೇಲ್
18 ಮೇ 1981

ಆಲ್ಡೊ,

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಸ್ಯಾಲಿ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದಳು. ಎರಡನೆಯ ಸಲ ಅರ್ಧಕ್ಕೆ ನಿಲ್ಲಿಸಿ ಎದ್ದುಹೋದಳು. ಅವಳಿಗೂ ಪತ್ರಿಕೆಯ ವಿಷಯ ಇದುವರೆಗೆ ನಾನು ಹೇಳಿರಲಿಲ್ಲ. ನಿನ್ನೆಯಿಂದ ಮಾತಾಡುತ್ತಿಲ್ಲ.

ನೀನು ಸಹಿ ಮಾಡಿದೆ. ಇಷ್ಟೆಲ್ಲ ಆದ ಮೇಲೂ ಮಾಡಿದೆ. ನಾನು ಇದನ್ನು ಸರಿಮಾಡುತ್ತೇನೆ.

ಹೈಮನ್

&nbsp;

ರಿವರ್‌ಡೇಲ್
14 ಸೆಪ್ಟೆಂಬರ್ 1981

ಪ್ರೀತಿಯ ಆಲ್ಡೊ,

ಈ ಕಾಗದದ ಜೊತೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಪುಸ್ತಕವಿದೆ. ಮುದ್ರಣಾಲಯದಿಂದ ಬಂದ ಮೊದಲ ಪ್ರತಿಗಳಲ್ಲಿ ಒಂದು. ಮೊದಲ ಪುಟ ತೆರೆದು ನೋಡು, ಆಮೇಲೆ ಇದನ್ನು ಓದು.

ನೋಡಿದೆಯಾ? ನಿನ್ನ ಹೆಸರು. ನಿನ್ನದೊಂದೇ.

ಮೇ ತಿಂಗಳಲ್ಲಿ ನಿನ್ನ ಕಾಗದ ಬಂದ ಮೇಲೆ ಹ್ಯಾನ್ಲಿಯಿಂದ ಫೋನು ಬಂತು. "ನಿಮ್ಮ ಸ್ನೇಹಿತರ ಸಹಿ ಬಂತು, ನಿಮ್ ಹೆಸರೇ ಹಾಕ್ತೀನಿ" ಎಂದ. ಅಷ್ಟು ವರ್ಷದಿಂದ ಕಾದಿದ್ದ ಮಾತು. ಕೇಳಿದರೆ ಒಂದು ಚೂರೂ ಖುಷಿಯಾಗಲಿಲ್ಲ. ಮರುದಿನವೇ ಬಸ್ಸು ಹತ್ತಿ ಬಾಸ್ಟನ್ನಿಗೆ ಹೋದೆ. ಆ ಮುಖಪುಟದ ಮೂಲ ಹಾಳೆಯೇ ಅವನಿಗೆ ಸಿಕ್ಕಿತ್ತು, ನಮ್ಮ ಕಂಪನಿಯಲ್ಲಿ ಅಕ್ಷರ ಬರೆಯುತ್ತಿದ್ದವನ ಮನೆಯ ಅಟ್ಟದಲ್ಲಿ. ಭೂತಗನ್ನಡಿ ಕೊಟ್ಟ. ನನ್ನ ಉಳಿದ ಒಂದು ಕಣ್ಣಿನಿಂದ ನೋಡಿದೆ.

ನಿನಗೆ ನೆನಪಿದೆ, ನನಗೂ ನೆನಪಿದೆ. ಇಬ್ಬರೂ ಬಾಯಿ ಬಿಟ್ಟು ಆಡಿರಲಿಲ್ಲ. ನಾನು ಪೆನ್ಸಿಲ್ಲಿನಲ್ಲಿ ಬರೆದದ್ದು ಕಣ್ಣು ಮುಚ್ಚಿದ ಹೆಂಗಸನ್ನು. ಸತ್ತವಳು, ಮಂಜಿನ ಕೆಳಗೆ ಮಲಗಿದವಳು, ಅಷ್ಟೆ. ಶಾಯಿಯ ಅಡಿಯಲ್ಲಿ ನನ್ನ ರೆಪ್ಪೆಗಳ ಗೆರೆ ಇನ್ನೂ ಕಾಣುತ್ತದೆ. ಕಣ್ಣು ತೆರೆಸಿದವನು ನೀನು. ನನ್ನನ್ನು ಕೇಳದೆ, ನಮ್ಮ ಕೆಲಸದ ಕಟ್ಟಳೆ ಮೀರಿ. ಅಚ್ಚಾಗಿ ಬಂದ ಮೇಲೆಯೇ ನಾನು ನೋಡಿದ್ದು. ಅಂಗಡಿಯ ಮುಂದೆ ನಿಂತು ನಿನಗೆ ಹಿಡಿಶಾಪ ಹಾಕಿದ್ದೆ, ಯಾಕೆಂದರೆ ನನ್ನ ಚಿತ್ರಕ್ಕಿಂತ ಅದು ಎಷ್ಟೋ ಮೇಲಿತ್ತು. ಮುಚ್ಚಿದ ಕಣ್ಣಿನ ಆ ಚಿತ್ರವನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಹ್ಯಾನ್ಲಿಗೆ ಎಲ್ಲವನ್ನೂ ಹೇಳಿದೆ. ಐದು ಮಂದಿ ಮೊದಲ ಸ್ಥಾನ ಕೊಟ್ಟದ್ದು ಆ ಕಣ್ಣುಗಳಿಗೆ, ಆದ್ದರಿಂದ ಹೆಸರು ಆಲ್ಡೊ ಪೆಟ್ರೆಲಾನದೇ ಎಂದೆ. ನಿನ್ನ ಸಹಿಯ ಹಾಳೆಯನ್ನು ನಾನೇ ಹರಿಯಲು ಹೇಳಿದೆ. ಆ ಹೆಸರು ಹೋಗಲಿ ಎಂದು ನೀನು ಬರೆದದ್ದು ನನ್ನ ಮೇಲಿನ ಸಿಟ್ಟಿಗೆ ಎಂದು ನನಗೆ ಗೊತ್ತು. ಸಂಕೋಚಕ್ಕೆ ಮಾಡಿದ ಸಹಿ, ಅವನು ಯಾವತ್ತೂ ಹೀಗೇ ಹಿಂದೆ ನಿಲ್ಲುವವನು ಎಂದೆ. ಎದುರು ಪುಟದಲ್ಲಿ ನನ್ನದೇ ಮಾತಿನಲ್ಲಿ ಎಲ್ಲ ಬರೆಸಿದ್ದೇನೆ. ಮುಚ್ಚಿದ ಕಣ್ಣು, ತೆರೆದ ಕಣ್ಣು, ಪೆನ್ಸಿಲ್ಲು, ಶಾಯಿ. ಕೊಳದ ವಿಷಯ ಒಂದಕ್ಷರವೂ ಇಲ್ಲ, ಹೆದರಬೇಡ.

ನಿನ್ನ ಮಗಳಿಗೂ ಒಂದು ಪ್ರತಿ ಕಳಿಸು. ಬೈಗುಳವೆಲ್ಲ ಹೊತ್ತದ್ದು ನೀನು, ಮರ್ಯಾದೆಯೂ ನಿನಗೇ ಸಿಗಬೇಕು. ತನ್ನಪ್ಪ ಎಂಥ ಕೈಯವನು ಎಂದು ಅವಳಿಗೂ ಗೊತ್ತಾಗಲಿ. ದೇಶದಲ್ಲೇ ಮೊದಲನೆಯವನು!

ಮೂವತ್ತು ವರ್ಷದಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಇದು. ಸ್ಯಾಲಿ ಮತ್ತೆ ಮಾತಾಡುತ್ತಿದ್ದಾಳೆ.

ನಿನ್ನ
ಹೈಮನ್

&nbsp;

ಕೋಲ್ಟನ್ ಮಿಲ್ಸ್
15 ಸೆಪ್ಟೆಂಬರ್ 1981

ಪ್ರಿಯ ಹೈಮನ್,

ಮೇ ತಿಂಗಳ ನಂತರ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನಾನು ಬರೆಯದಿದ್ದುದಕ್ಕೆ ಕಾರಣವಿತ್ತು. ಬಾಯಿ ಬಿಟ್ಟರೆ ಕೆಟ್ಟೀತು ಎಂಬ ಭಯ. ಈಗ ಹೇಳಬಹುದು.

ಹ್ಯಾನ್ಲಿಗೆ ಸಹಿ ಕಳಿಸಿದ ದಿನವೇ ರೋಸಾಲಿಗೂ ಒಂದು ಕಾಗದ ಹಾಕಿದ್ದೆ. ಆ ಚಿತ್ರ ನಾನು ಬರೆದದ್ದಲ್ಲಮ್ಮಾ, ಅವತ್ತು ಸ್ನೇಹಿತನೊಬ್ಬನಿಗಾಗಿ ಹೌದೆಂದೆ, ಶರತ್ಕಾಲದಲ್ಲಿ ಇಂಥ ಪುಸ್ತಕ ಬರುತ್ತದೆ, ಮೊದಲ ಪುಟದಲ್ಲಿ ಬರೆದವನ ಹೆಸರು ನೀನೇ ನೋಡು ಎಂದು. ಮೂರು ತಿಂಗಳು ಸದ್ದಿಲ್ಲ. ಆಗಸ್ಟಿನಲ್ಲಿ ಬಂತು ಉತ್ತರ. ಹನ್ನೊಂದು ಪುಟ, ಹೈಮನ್! ಹದಿನೆಂಟು ವರ್ಷದಲ್ಲಿ ಅವಳು ಬರೆದ ಎಲ್ಲ ಕಾರ್ಡು ಸೇರಿಸಿದರೂ ಅಷ್ಟಿಲ್ಲ. "ಪೆಗ್ಗಿನ ಕೊಂದಿದ್ದು ನಾವಿಬ್ರು ಅಂತಲೇ ನಂಬ್ಕೊಂಡಿದ್ದೆ ಅಪ್ಪಾ. ಬರ್ದಿದ್ದು ನೀನು, ತೋರಿಸಿದ್ದು ನಾನು. ನೀನಲ್ಲ ಅಂದ್ರೆ ನನ್ನ ತಲೆ ಮೇಲಿನ ಅರ್ಧ ಭಾರ ಇಳೀತು" ಎಂದು ಬರೆದಿದ್ದಾಳೆ. ಓದಿ ಅತ್ತೆ. ಈ ವಯಸ್ಸಿನಲ್ಲಿ ನಾಚಿಕೆಯೇನು.

ಅಲ್ಲಿಯ ಅಂಗಡಿಯಲ್ಲಿ ಪುಸ್ತಕಕ್ಕೆ ಹೇಳಿಟ್ಟಿದ್ದಾಳಂತೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತಾಳೆ. ಮೋಟೆಲಿಗಲ್ಲ, ಮನೆಗೆ. ಅವಳ ಕೋಣೆಗೆ ಬಣ್ಣ ಹೊಡೆಯುತ್ತಿದ್ದೇನೆ, ತಿಳಿ ಹಸಿರು.

ನಿನ್ನ ಹೆಸರು ಅಲ್ಲಿರುವುದರಿಂದ ನಿನಗೂ ಸಂತೋಷ, ನನಗೂ ಸಂತೋಷ. ಕಣ್ಣು ಚೆನ್ನಾಗಿರುವಾಗಲೇ ಪುಸ್ತಕ ಬರಲಿ. ನಿನ್ನ ಮೇಲೆ ಇದ್ದ ಸಿಟ್ಟನ್ನು ಬಿಟ್ಟಿದ್ದೇನೆ.

ನಿನ್ನ
ಆಲ್ಡೊ

&nbsp;

ಕೋಲ್ಟನ್ ಮಿಲ್ಸ್
29 ನವೆಂಬರ್ 1981

ಹೈಮನ್,

ಆ ಪುಸ್ತಕದ ಪೊಟ್ಟಣದ ಆಮೇಲೆ ನಿನ್ನಿಂದ ಆರು ಕಾಗದ ಬಂದಿವೆ. ಒಡೆದಿಲ್ಲ. ನನ್ನ ಕಾಗದ ನಿನಗೆ ತಲುಪಿದ ಮೇಲೆ ನೀನು ಏನು ಬರೆದಿರಬಹುದು ಎಂದು ಒಡೆಯದೆಯೇ ಗೊತ್ತು.

ಪೊಟ್ಟಣ ಬಂದದ್ದು ಸೆಪ್ಟೆಂಬರ್ ಹದಿನೆಂಟಕ್ಕೆ, ನನ್ನ ಕಾಗದವನ್ನು ಅಂಚೆಗೆ ಹಾಕಿ ಮೂರು ದಿನವಾಗಿತ್ತು. ನೋಡಿದೆ. ರೋಸಾಲಿಗೆ ಫೋನು ಮಾಡಬೇಕೆಂದು ಎಷ್ಟು ಸಲ ಎತ್ತಿಕೊಂಡೆನೋ. ಏನೆಂದು ಹೇಳಲಿ? ಅಂಗಡಿಯವನು ಪುಸ್ತಕ ತರಿಸದೆ ಹೋದರೆ ಸಾಕು, ಅವಳು ಮರೆತರೆ ಸಾಕು ಎಂದು ಎರಡು ತಿಂಗಳು ಕಾದೆ. ಕೋಣೆಗೆ ಎರಡನೆಯ ಸಲವೂ ಬಣ್ಣ ಹೊಡೆದೆ.

ಬುಧವಾರ ಬಂದಳು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಪುಸ್ತಕ. ಅಲ್ಲೇ ಓದಿಕೊಂಡಿದ್ದಳು, ಆದರೂ ಬಂದಳು. ನನ್ನ ಬಾಯಿಂದ ಕೇಳಬೇಕೆಂದು ಅಷ್ಟು ದೂರ ಬಂದಳು. ಅಡುಗೆಮನೆಯ ಮೇಜಿನ ಮೇಲೆ ನಿನ್ನ ಪುಟ ತೆರೆದಿಟ್ಟಳು.

"ಇವ್ರು ಬರ್ದಿರೋದು ನಿಜಾನಾ ಅಪ್ಪಾ?"

ಇಲ್ಲ ಎನ್ನಬಹುದಿತ್ತು. ಮುದುಕ, ಅರೆಗುರುಡ, ಏನೋ ಬಡಬಡಿಸಿದ್ದಾನೆ ಎಂದರೆ ನಂಬುತ್ತಿದ್ದಳೋ ಏನೋ. ನಂಬಬೇಕೆಂದೇ ಬಂದಿದ್ದಳು, ಮುಖದಲ್ಲಿ ಕಾಣುತ್ತಿತ್ತು. ಒಂಬತ್ತು ವರ್ಷದ ಮಗುವಿಗೆ ಒಂದು ಸುಳ್ಳು ಹೇಳಿದ್ದೆ, ಮೂವತ್ತಾರರ ಹೆಂಗಸಿಗೆ ಮೇ ತಿಂಗಳಲ್ಲಿ ಇನ್ನೊಂದನ್ನು ಹೇಳಿದ್ದೆ. ಮೂರನೆಯದು ಬಾಯಿಗೆ ಬರಲಿಲ್ಲ.

"ಹೌದಮ್ಮಾ. ಕಣ್ಣು ನಾನೇ ತೆರೆಸಿದ್ದು."

"ಯಾಕೆ?"

"ಚಿತ್ರ ಚೆನ್ನಾಗ್ ಬರ್ಲಿ ಅಂತ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೋಳಿ ಒಲೆಯೊಳಗೆ ಬೇಯುತ್ತಿತ್ತು, ಅದು ಆಗುವವರೆಗೂ ಕೂತಿದ್ದಳು, ನನ್ನ ತಟ್ಟೆಗೆ ಬಡಿಸಿದಳು. ತಾನು ತಿನ್ನಲಿಲ್ಲ. ಆಮೇಲೆ ಟ್ಯಾಕ್ಸಿಗೆ ಫೋನು ಮಾಡಿದಳು. ಹೊಸ ಬಣ್ಣದ ಕೋಣೆಯ ಬಾಗಿಲು ತೆರೆದು ನೋಡಲೂ ಇಲ್ಲ. ಟ್ಯಾಕ್ಸಿ ಬಂದಾಗ ಹೊಸ್ತಿಲಲ್ಲಿ ನಿಂತು ಹೇಳಿದಳು:

"ಇಪ್ಪತ್ತೇಳು ವರ್ಷ ನೀನೇ ಬರ್ದಿದ್ದು ಅಂದ್ಕೊಂಡೇ ಬದುಕಿದ್ದೆ. ಹೇಗೋ ಬದುಕ್ಬಿಟ್ಟಿದ್ದೆ. ಈ ಆರು ತಿಂಗಳು ನೀನಲ್ಲ ಅಂದ್ಕೊಂಡೆ ನೋಡು, ಅದನ್ನ ಯಾಕ್ ಕೊಟ್ಟೆ ಅಪ್ಪಾ?"

ಎದುರುಮನೆಯ ಕಿಟಕಿಯಲ್ಲಿ ಪೆಗ್ಗಿಯ ತಾಯಿ ನಿಂತಿದ್ದರು. ರೋಸಾಲಿ ಅವರತ್ತ ಕೈ ಬೀಸಿದಳು. ನನ್ನತ್ತ ತಿರುಗಲಿಲ್ಲ.

ಎಲ್ಲವನ್ನೂ ನಿನ್ನ ತಲೆಗೆ ಕಟ್ಟಬೇಕೆಂದು ಈ ಕಾಗದ ಬರೆಯಲು ಕೂತೆ. ಮೂರು ದಿನದಿಂದ ಅದಕ್ಕೆ ಬೇಕಾದ ಬೈಗುಳ ಹುಡುಕುತ್ತಿದ್ದೇನೆ. ಐವತ್ತನಾಲ್ಕರಲ್ಲಿ ನೀನು ಹೇಳಿದ್ದು ಸುಳ್ಳು, ಅದನ್ನು ಹೊತ್ತುಕೊಂಡು ನಿನ್ನನ್ನು ಬೈಯುತ್ತ ಕಾಲ ಹಾಕಿದೆ. ಈ ಸಲ ನೀನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾರನ್ನು ಬೈಯಲಿ?

ಆಲ್ಡೊ